ಆಂಟಿಬಾಡಿ ಕೆಟ್ಟಿದೆಯಾ, ಇಲ್ಲಾ ಇದು ಕುರಿ ಲಿವರ್‌ನ ಆಟವಾ?

ಪ್ರಶ್ನೆ: ಸರ್, ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಶಿರಾ, ಪಾವಗಡ ಕಡೆಯ ಕುರಿಗಳ ಲಿವರ್‌ನಲ್ಲಿ ಕೊಬ್ಬು ಸುಡುವ ಎಂಕ್ಯಾಡ್ ಎಂಬ ಕಿಣ್ವವಿದೆಯಲ್ಲ, ಅದು ಹಸಿ ಮೇವಿನ ಕಾಲದಲ್ಲಿ ಎಷ್ಟಿರುತ್ತದೆ, ಬೇಸಿಗೆಯಲ್ಲಿ ಎಷ್ಟಿರುತ್ತದೆ ಅಂತ ನೋಡುವುದು ನನ್ನ ಕೆಲಸ. ಬೆಳಿಗ್ಗೆ 6ಕ್ಕೆ ಐಸ್ ಬಾಕ್ಸ್ ಹಿಡಿದು ಮಟನ್ ಅಂಗಡಿಗೆ ಹೋಗಿ ಲಿವರ್ ತರುತ್ತೇನೆ. ಎಂಕ್ಯಾಡನ್ನು ಹುಡುಕಿ ಹಿಡಿಯುವ, ಮೊಲದಲ್ಲಿ ತಯಾರಿಸಿದ ಆಂಟಿಬಾಡಿಗೆ 40 ಸಾವಿರದ ಹತ್ತಿರ ಆಯಿತು. ಪಾರ್ಸೆಲ್ ಎರಡು ದಿನ ತಡವಾಗಿ ಬಂತು, ಒಳಗಿನ ಜೆಲ್ ಪ್ಯಾಕ್ ಪೂರ್ತಿ ಕರಗಿತ್ತು.

ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರೆ ಮಾಡಿ, ಮೆಂಬ್ರೇನ್ ಎಂಬ ತೆಳು ಪೊರೆಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸುವ ವಿಧಾನ) 46 ಕಿಲೋಡಾಲ್ಟನ್ ತೂಕದ ಹತ್ತಿರ ಒಂದೇ ಬ್ಯಾಂಡ್, ಅಂದರೆ ಗೆರೆ, ಬರುತ್ತದೆ ಅಂತ ಕಂಪನಿಯ ಹಾಳೆಯಲ್ಲಿದೆ. ನನಗೆ 44ರ ಹತ್ತಿರ ಒಂದು ಸಾಧಾರಣ ಬ್ಯಾಂಡ್ ಬಂತು. 75 ಮತ್ತು 130ರಲ್ಲಿ ದಪ್ಪ ಬ್ಯಾಂಡ್ ಬಂದವು. 250ರ ಮೇಲೆ ಒಂದು ಮಸುಕು ಗೆರೆ. ತೆಳುವಾಗಿಸಿದ ಆಂಟಿಬಾಡಿಯನ್ನು 1:1000ದಿಂದ 1:200ಕ್ಕೆ ಏರಿಸಿದೆ, ಅಂದರೆ ಐದು ಪಟ್ಟು ಗಟ್ಟಿ ಮಾಡಿದೆ. 44 ದಪ್ಪಗಾಯಿತು, ಉಳಿದವು ಇದ್ದ ಹಾಗೇ ಇದ್ದವು. ಆಮೇಲೆ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯಾ ಮಾತ್ರ ಬೇರೆ ಮಾಡಿ ಹಾಕಿದೆ. 75, 130 ಇನ್ನೂ ಗಾಢವಾದವು, ಮೇಲಿನ ಗೆರೆ ಮಾಯವಾಯಿತು! ಡಿಪಾರ್ಟ್‌ಮೆಂಟಿನಲ್ಲಿ ಸ್ಲೈಡ್‌ಗೆ ಬಣ್ಣ ಹಾಕಲು ತಂದಿದ್ದ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಕಿಟ್ ಬಳಸುತ್ತಿದ್ದೇನೆ. ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದ ಹಾಗೆ ಮೆಂಬ್ರೇನ್ ಬ್ಲಾಕ್ ಮಾಡಲು ಹಾಲಿನ ಪುಡಿ. ಆಂಟಿಬಾಡಿ ಬಿಸಿಲಿಗೆ ಕೆಟ್ಟಿದೆ, ಬೇರೆ ಕಂಪನಿಯದು ತರಿಸು ಅನ್ನುತ್ತಾರೆ ಗೈಡ್. ಗ್ರಾಂಟ್ ಮುಗಿದಿದೆ, ಈ ಸಲ ದುಡ್ಡು ನನ್ನ ಕೈಯಿಂದಲೇ ಹೋಗಬೇಕು. ತರಿಸಲಾ? ಇನ್ನೊಂದು. ಈ ಆಂಟಿಬಾಡಿಯಿಂದ ಎಂಕ್ಯಾಡ್ ಕೊರತೆ ಇರುವ ಮಕ್ಕಳನ್ನೂ ಪತ್ತೆ ಮಾಡಬಹುದು ಅಂತ ಸೀನಿಯರ್ ಒಬ್ಬರು ಹೇಳಿದರು. ನಿಜವಾ?

ಉತ್ತರ: ತರಿಸಬೇಡಿ. ಕನಿಷ್ಠ ಈ ವಾರವಂತೂ ಬೇಡ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಕಾದ ಸುಳಿವನ್ನೆಲ್ಲ ನೀವೇ ಬರೆದಿದ್ದೀರಿ. ಸುಮಾರು ಜನ "ಸರ್, ಎಕ್ಸ್‌ಟ್ರಾ ಬ್ಯಾಂಡ್ ಬರ್ತಿದೆ, ಏನ್ ಮಾಡಲಿ" ಅಂತ ಒಂದು ಸಾಲು ಬರೆದು, ಕತ್ತರಿಸಿದ ಫೋಟೋ ಒಂದನ್ನು ಅಂಟಿಸಿ ಕಳಿಸುತ್ತಾರೆ. ನೀವು ಯಾವ ಕಿಟ್, ಯಾವ ಪ್ರಮಾಣ, ಏನು ಬದಲಾಯಿತು, ಏನು ಬದಲಾಗಲಿಲ್ಲ ಅಂತೆಲ್ಲ ಬರೆದಿದ್ದೀರಿ. ಆ 'ಬದಲಾಗಲಿಲ್ಲ' ಅನ್ನುವುದರಲ್ಲೇ ಉತ್ತರ ಇದೆ.

ಮೊದಲು ಕರಗಿದ ಜೆಲ್ ಪ್ಯಾಕ್ ವಿಷಯ ಮುಗಿಸೋಣ. ಆಂಟಿಬಾಡಿ ಅಂದರೆ ಹಾಲಿನ ಹಾಗೆ, ತಂಪು ತಪ್ಪಿದರೆ ಒಡೆದು ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಅಷ್ಟು ನಾಜೂಕಿನ ವಸ್ತು ಅಲ್ಲ. ಮೊಲದ ಮೈಯಲ್ಲಿ ಅದು 38–39 ಡಿಗ್ರಿಯಲ್ಲಿ ದಿನಗಟ್ಟಲೆ ಓಡಾಡಿಕೊಂಡು ಇದ್ದದ್ದೇ ಅಲ್ವಾ? ಎರಡು ದಿನ ಡಬ್ಬಿಯಲ್ಲಿ ಬೆಚ್ಚಗಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಪದೇ ಪದೇ ಹೆಪ್ಪುಗಟ್ಟಿ ಕರಗುವುದು. ನಮ್ಮ ಕಡೆ ಕರೆಂಟ್ ಹೋಗಿ ಬಂದು ಆಗುವುದೂ ಅದೇ. ತಾನೇ ಐಸ್ ಕರಗಿಸಿಕೊಳ್ಳುವ ಮನೆಬಳಕೆಯ ಫ್ರಿಜ್‌ಗಳಲ್ಲಿ ಕರೆಂಟ್ ಇದ್ದರೂ ಅದೇ ಕಥೆ. ನಿಮ್ಮ ಬಾಟಲಿಯಲ್ಲಿ 50% ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲೂ ಅದು ಗಟ್ಟಿಯಾಗುವುದಿಲ್ಲ, ಚಿಂತೆ ಇಲ್ಲ. ಇಲ್ಲದಿದ್ದರೆ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿಟ್ಟು ಒಂದೊಂದೇ ತೆಗೆಯಿರಿ.

ನಿಮ್ಮ ಆಂಟಿಬಾಡಿ ಬದುಕಿದೆ ಅನ್ನುವುದಕ್ಕೆ ಸಾಕ್ಷಿ ನಿಮ್ಮ ಹತ್ತಿರವೇ ಇದೆ. 1:1000ದಿಂದ 1:200ಕ್ಕೆ ಏರಿಸಿದಾಗ 44ರ ಬ್ಯಾಂಡ್ ದಪ್ಪಗಾಯಿತು. ಸತ್ತ ಆಂಟಿಬಾಡಿಯನ್ನು ಐದು ಪಟ್ಟು ಹಾಕಿದರೂ ಹಾಗೆ ಆಗುವುದಿಲ್ಲ.

ಈಗ 75 ಮತ್ತು 130. ಆಂಟಿಬಾಡಿ ಐದು ಪಟ್ಟಾದರೂ ಅವು ಅಲುಗಾಡಲಿಲ್ಲ. ಅಂದರೆ ಅವಕ್ಕೂ ಆ ಬಾಟಲಿಗೂ ಸಂಬಂಧ ಇಲ್ಲ ಅಂತ ಅನುಮಾನ ಬರಬೇಕು. ಮದುವೆ ಮನೆಯಲ್ಲಿ ಯಾರನ್ನು ಕರೆದರೂ, ಕರೆಯದಿದ್ದರೂ ಊಟಕ್ಕೆ ಕೂರುವವರು ಇಬ್ಬರು ಇರುತ್ತಾರಲ್ಲ, ಆ ತರಹ.

ಇವರು ಯಾರು ಅಂತ ಹೇಳುವ ಮೊದಲು ನಿಮ್ಮ ಕಿಟ್ ಕೆಲಸ ಮಾಡುವ ಬಗೆ ನೋಡೋಣ. ಮೊಲದ ಆಂಟಿಬಾಡಿ, ಅಂದರೆ ಪ್ರೈಮರಿ, ಎಂಕ್ಯಾಡ್ ಮೇಲೆ ಕೂರುತ್ತದೆ. ಅದರ ಮೇಲೆ, ಮೊಲದ ಆಂಟಿಬಾಡಿಯನ್ನೇ ಹಿಡಿಯುವ ಸೆಕೆಂಡರಿ ಆಂಟಿಬಾಡಿ ಕೂರುತ್ತದೆ. ಸೆಕೆಂಡರಿಗೆ ಬಯೋಟಿನ್ ಅನ್ನುವ ಸಣ್ಣ ವಿಟಮಿನ್ ಅಂಟಿಸಿರುತ್ತಾರೆ. ಕೊನೆಗೆ ಹಾಕುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಎಲ್ಲೆಲ್ಲಿ ಬಯೋಟಿನ್ ಕಾಣುತ್ತದೋ ಅಲ್ಲಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದರ ಜೊತೆಗಿರುವ ಪೆರಾಕ್ಸಿಡೇಸ್ ಕಿಣ್ವ ಬಣ್ಣ ಬರಿಸುತ್ತದೆ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ನಡುವಿನ ಹಿಡಿತ ಪ್ರಕೃತಿಯಲ್ಲಿ ನಮಗೆ ಗೊತ್ತಿರುವ ಅತಿ ಗಟ್ಟಿ ಹಿಡಿತಗಳಲ್ಲಿ ಒಂದು. ಒಂದು ಸ್ಟ್ರೆಪ್ಟಾವಿಡಿನ್ ನಾಲ್ಕು ಬಯೋಟಿನ್ ಹಿಡಿಯಬಲ್ಲದು. ಸಿಗ್ನಲ್ ಜೋರಾಗಿ ಬರುವುದು ಇದೇ ಕಾರಣಕ್ಕೆ.

ತೊಂದರೆ ಏನೆಂದರೆ, ಈ ಬಯೋಟಿನ್ ನೀವು ಸೆಕೆಂಡರಿಗೆ ಅಂಟಿಸಿದ್ದೋ, ಕುರಿ ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡದ್ದೋ ಅಂತ ಸ್ಟ್ರೆಪ್ಟಾವಿಡಿನ್‌ಗೆ ಗೊತ್ತಾಗುವುದಿಲ್ಲ.

ಕುರಿ, ಹಸು, ಮನುಷ್ಯ ಯಾರನ್ನೇ ತೆಗೆದುಕೊಳ್ಳಿ, ಮೈಯಲ್ಲಿ ಬಯೋಟಿನ್ ಬಿಡಿಸಲಾಗದಂತೆ ಅಂಟಿಕೊಂಡಿರುವ ಕಿಣ್ವಗಳು ಐದು. ಎಲ್ಲವೂ ಕಾರ್ಬಾಕ್ಸಿಲೇಸ್ ಕುಟುಂಬದವು. ಕೊಬ್ಬು ಕಟ್ಟುವ ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್ ಎರಡು ಬಗೆ, ತೂಕ 265 ಮತ್ತು 280. ಪೈರುವೇಟ್ ಕಾರ್ಬಾಕ್ಸಿಲೇಸ್ 130ರ ಹತ್ತಿರ. ಪ್ರೊಪಿಯೋನೈಲ್-ಕೋಎ ಕಾರ್ಬಾಕ್ಸಿಲೇಸ್ ಮತ್ತು ಮೀಥೈಲ್‌ಕ್ರೊಟೊನೈಲ್-ಕೋಎ ಕಾರ್ಬಾಕ್ಸಿಲೇಸ್‌ಗಳ ಬಯೋಟಿನ್ ಇರುವ ತುಂಡುಗಳು 75ರ ಆಸುಪಾಸು, ಒತ್ತೊತ್ತಾಗಿ. ಜೆಲ್‌ನಲ್ಲಿ ಬಹಳ ಸಲ ಅವೆರಡೂ ಸೇರಿ ಒಂದೇ ದಪ್ಪ ಬ್ಯಾಂಡ್ ಹಾಗೆ ಕಾಣುತ್ತವೆ. ಸ್ಯಾಂಪಲ್ ಕುದಿಸಿದರೂ ಬಯೋಟಿನ್ ಕಳಚುವುದಿಲ್ಲ.

75, 130, 250ರ ಮೇಲೆ. ನಿಮ್ಮ ಪಟ್ಟಿಗೆ ಸರಿಯಾಗಿ ಹೊಂದಿತಲ್ಲ?

ಮೈಟೊಕಾಂಡ್ರಿಯಾ ಬೇರೆ ಮಾಡಿದಾಗ ಆದದ್ದೂ ಇದರಲ್ಲೇ ಬಿಡಿಸಿಕೊಳ್ಳುತ್ತದೆ. ನೀವು ಯೋಚಿಸಿದ್ದು ತಪ್ಪೇನಲ್ಲ. ಎಂಕ್ಯಾಡ್ ಮೈಟೊಕಾಂಡ್ರಿಯಾದ ಒಳಗೇ ಇರುವುದು, ಅದನ್ನು ಬೇರೆ ಮಾಡಿದರೆ ಕಸ ಹೋಗುತ್ತದೆ ಅಂದುಕೊಂಡಿರಿ. ಆದರೆ 75 ಮತ್ತು 130ರವರ ಮನೆಯೂ ಅದೇ. ಹಾಗಾಗಿ ಅವೂ ಗಾಢವಾದವು. 265ರದು ಮಾತ್ರ ಹೊರಗೆ, ಜೀವಕೋಶದ ರಸದಲ್ಲಿ ಇರುತ್ತದೆ. ಮೈಟೊಕಾಂಡ್ರಿಯಾ ಬೇರೆ ಮಾಡುವಾಗ ಅದು ನೀರಿನ ಜೊತೆ ಚೆಲ್ಲಿಹೋಯಿತು. ಆಂಟಿಬಾಡಿ ಕೆಟ್ಟಿದ್ದರೆ ಇಷ್ಟು ಲೆಕ್ಕಾಚಾರವಾಗಿ ಕೆಡುತ್ತಿರಲಿಲ್ಲ.

ಇನ್ನೂ ಮಜಾ ಇರುವುದು ನೀವು ಆರಿಸಿಕೊಂಡ ಪ್ರಾಣಿಯಲ್ಲಿ. ಕುರಿ ಮೆಲುಕು ಹಾಕುವ ಪ್ರಾಣಿ. ತಿಂದ ಹುಲ್ಲು ದೊಡ್ಡ ಹೊಟ್ಟೆಯಲ್ಲಿ ಹುಳಿತು ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಆಗುತ್ತದೆ. ನಾವು ಮುದ್ದೆ ಉಂಡರೆ ಗ್ಲುಕೋಸ್ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಕುರಿಗೆ ಆ ಭಾಗ್ಯ ಕಡಿಮೆ. ತನಗೆ ಬೇಕಾದ ಗ್ಲುಕೋಸನ್ನು ಅದು ದಿನವಿಡೀ ಲಿವರ್‌ನಲ್ಲೇ ತಯಾರಿಸಿಕೊಳ್ಳಬೇಕು, ಬಹುಪಾಲು ಪ್ರೊಪಿಯೋನೇಟ್‌ನಿಂದ. ಆ ದಾರಿಯ ಬಾಗಿಲಲ್ಲಿ ನಿಂತಿರುವುದೇ ಪ್ರೊಪಿಯೋನೈಲ್-ಕೋಎ ಕಾರ್ಬಾಕ್ಸಿಲೇಸ್. ಲ್ಯಾಕ್ಟೇಟ್‌ನಿಂದ ಗ್ಲುಕೋಸ್ ಮಾಡುವ ದಾರಿಯಲ್ಲಿ ಪೈರುವೇಟ್ ಕಾರ್ಬಾಕ್ಸಿಲೇಸ್ ಕೂತಿದೆ. ಹೊಸ ಕೊಬ್ಬನ್ನು ಮಾತ್ರ ಕುರಿ ಲಿವರ್‌ಗಿಂತ ಜಾಸ್ತಿ ಕೊಬ್ಬಿನ ಅಂಗಾಂಶದಲ್ಲಿ ಕಟ್ಟುತ್ತದೆ. ನಿಮ್ಮ ಮೇಲಿನ ಗೆರೆ ಮೊದಲಿನಿಂದಲೂ ಮಸುಕಾಗಿದ್ದಕ್ಕೆ ಅದೊಂದು ಕಾರಣ. ಅಷ್ಟು ದೊಡ್ಡ ಪ್ರೋಟೀನ್ ಜೆಲ್‌ನಿಂದ ಮೆಂಬ್ರೇನ್‌ಗೆ ಸರಿಯಾಗಿ ಇಳಿಯುವುದಿಲ್ಲ ಅನ್ನುವುದು ಇನ್ನೊಂದು. ಒಟ್ಟಿನಲ್ಲಿ ಬಯೋಟಿನ್ ಕಿಟ್ ಹಿಡಿದು ಕುರಿ ಲಿವರ್‌ಗೆ ಇಳಿಯುವುದು ಅಂದರೆ ಜಾತ್ರೆಯಲ್ಲಿ ಹೆಸರು ಕೂಗಿದ ಹಾಗೆ. ನಾಲ್ಕು ಜನ ತಿರುಗಿ ನೋಡುತ್ತಾರೆ.

ನಿಮ್ಮನ್ನು ನೋಡಿ ನಗುತ್ತಿಲ್ಲ. ಪಿಎಚ್‌.ಡಿ. ಮಾಡುವಾಗ ನಾನೂ ಇದೇ ಗುಂಡಿಗೆ ಬಿದ್ದವನು. ಇಲಿಯ ಲಿವರ್, 75ರ ಬ್ಯಾಂಡ್, ಮೂರು ತಿಂಗಳು. ಇದೊಂದು ಹೊಸ ಬಗೆಯ ಪ್ರೋಟೀನ್ ಅಂತ ಡಿಪಾರ್ಟ್‌ಮೆಂಟಿನಲ್ಲಿ ಭಾಷಣವೂ ಮಾಡಿಬಿಟ್ಟೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಪ್ರೈಮರಿ ಹಾಕದೆ ಒಂದ್ಸಲ ನೋಡಿದ್ರೇನಪ್ಪಾ?" ಅಂದರು. ನೋಡಿರಲಿಲ್ಲ. ಅವತ್ತು ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಊರಿಗೆ ಹೋಗುವಾಗ ಬಾಗೇಪಲ್ಲಿವರೆಗೂ ಯಾರ ಜೊತೆಯೂ ಮಾತಾಡಲಿಲ್ಲ.

ನೀವೂ ಮೊದಲು ಮಾಡಬೇಕಾದದ್ದು ಅದೇ. ಹೊಸ ಖರ್ಚು ಏನೂ ಇಲ್ಲ. ಒಂದೇ ಲಿವರ್ ಸ್ಯಾಂಪಲ್ ನಾಲ್ಕು ಲೇನ್‌ಗೆ ಹಾಕಿ, ಮೆಂಬ್ರೇನನ್ನು ನಾಲ್ಕು ಪಟ್ಟಿ ಕತ್ತರಿಸಿ. ಮೊದಲ ಪಟ್ಟಿಗೆ ಎಲ್ಲವನ್ನೂ ಹಾಕಿ. ಎರಡನೆಯದಕ್ಕೆ ಮೊಲದ ಆಂಟಿಬಾಡಿ ಬಿಟ್ಟು ಉಳಿದದ್ದು. ಮೂರನೆಯದಕ್ಕೆ ಬರೀ ಸ್ಟ್ರೆಪ್ಟಾವಿಡಿನ್. ನಾಲ್ಕನೆಯದಕ್ಕೆ ಏನೂ ಬೇಡ, ನೇರವಾಗಿ ಬಣ್ಣದ ದ್ರಾವಣ. ನಾಲ್ಕನೆಯದು ಯಾಕೆ ಅಂದರೆ, ಅಂಗಡಿಯ ಲಿವರ್‌ನಲ್ಲಿ ರಕ್ತ ಇರುತ್ತದೆ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಕೂಡ ಸುಮ್ನೆ ಬಣ್ಣ ಬರಿಸುವುದುಂಟು. ನಾಲ್ಕನೆಯದು ಖಾಲಿ ಇದ್ದು, ಎರಡನೇ ಮತ್ತು ಮೂರನೇ ಪಟ್ಟಿಯಲ್ಲೂ 75, 130 ಕಾಣಿಸಿಕೊಂಡರೆ ಕಳ್ಳ ಸಿಕ್ಕ. ಎರಡರಲ್ಲಿ ಬಂದು ಮೂರರಲ್ಲಿ ಬರದಿದ್ದರೆ ತಪ್ಪು ಸೆಕೆಂಡರಿಯದು. ಎರಡೂ ಖಾಲಿ ಇದ್ದು ಮೊದಲನೆಯದರಲ್ಲಿ ಮಾತ್ರ ಬಂದರೆ ಗೈಡ್ ಮಾತನ್ನು ಕೇಳಬೇಕಾಗುತ್ತದೆ.

ಕಳ್ಳ ಬಯೋಟಿನ್ನೇ ಅಂತಾದರೆ ನಿಮಗೆ ಎರಡು ದಾರಿ. ನಾನಾಗಿದ್ದರೆ ಬಯೋಟಿನ್ ಸಹವಾಸವನ್ನೇ ಬಿಡುತ್ತಿದ್ದೆ. ಪೆರಾಕ್ಸಿಡೇಸ್ ನೇರವಾಗಿ ಅಂಟಿಸಿದ ಮೊಲದ ಆಂಟಿಬಾಡಿ ಹಿಡಿಯುವ ಸೆಕೆಂಡರಿ ಸಿಗುತ್ತದೆ. ಪ್ರೈಮರಿಗೆ ಹೋಲಿಸಿದರೆ ಬೆಲೆ ತುಂಬಾ ಕಡಿಮೆ, ಸಾವಿರಾರು ಪಟ್ಟು ತೆಳುವಾಗಿಸಿ ಬಳಸುವುದರಿಂದ ವರ್ಷಗಟ್ಟಲೆ ಬರುತ್ತದೆ. ಪಕ್ಕದ ಲ್ಯಾಬ್‌ನಲ್ಲಿ ಕೇಳಿದರೆ ಐದು ಮೈಕ್ರೋಲೀಟರ್ ಕೊಡದವರು ಯಾರೂ ಇಲ್ಲ. ಇದರಲ್ಲಿ ಒಂದು ನಷ್ಟ ಇದೆ. ಸಿಗ್ನಲ್ ಹಿಗ್ಗಿಸುವ ಬಯೋಟಿನ್ ಹೆಜ್ಜೆ ಇಲ್ಲದ್ದರಿಂದ 44ರ ಬ್ಯಾಂಡ್ ಸಪ್ಪೆಯಾಗಬಹುದು. ಆಗ ಕಂದು ಬಣ್ಣ ಬರಿಸುವ ಡಿಎಬಿ ದ್ರಾವಣ ಬಿಟ್ಟು ಬೆಳಕು ಹೊಮ್ಮಿಸುವ ಇಸಿಎಲ್ ದ್ರಾವಣಕ್ಕೆ ಹೋಗಿ. ಅದಕ್ಕೆ ಆ ಬೆಳಕನ್ನು ಹಿಡಿಯುವ ಇಮೇಜರ್ ಯಂತ್ರ ಬೇಕು, ಇಲ್ಲದಿದ್ದರೆ ಎಕ್ಸ್‌ರೇ ಫಿಲಂ ಸಾಕು. ಒಂದು ಎಚ್ಚರಿಕೆ. ಕೆಡದಿರಲಿ ಅಂತ ಆಂಟಿಬಾಡಿ ದ್ರಾವಣಕ್ಕೆ ಸೋಡಿಯಂ ಅಜೈಡ್ ಹಾಕುವ ಅಭ್ಯಾಸ ಇದೆಯಲ್ಲ, ಪೆರಾಕ್ಸಿಡೇಸ್ ಇರುವ ಯಾವುದಕ್ಕೂ ಅದನ್ನು ಹಾಕಬೇಡಿ. ಅದು ಪೆರಾಕ್ಸಿಡೇಸನ್ನೇ ಕಟ್ಟಿಹಾಕುತ್ತದೆ, ಮೆಂಬ್ರೇನ್ ಪೂರ್ತಿ ಖಾಲಿ ಬರುತ್ತದೆ. ಅಜೈಡ್ ವಿಷ ಬೇರೆ.

ಇರುವ ಕಿಟ್ಟನ್ನೇ ಬಳಸಬೇಕು ಅನ್ನುವುದಾದರೆ ಕುರಿಯ ಬಯೋಟಿನ್ನನ್ನು ಮೊದಲೇ ಮುಚ್ಚಿಬಿಡಬೇಕು. ಮೊದಲು ಅವಿಡಿನ್ (ಸ್ಟ್ರೆಪ್ಟಾವಿಡಿನ್ ಹಾಗೆಯೇ ಬಯೋಟಿನ್ ಹಿಡಿಯುವ ಪ್ರೋಟೀನ್), ತೊಳೆದು, ಆಮೇಲೆ ಬಿಡಿ ಬಯೋಟಿನ್, ಮತ್ತೆ ತೊಳೆದು, ನಂತರ ನಿಮ್ಮ ಮಾಮೂಲಿ ಕ್ರಮ. ಅವಿಡಿನ್ ಕುರಿಯ ಬಯೋಟಿನ್ ಮೇಲೆ ಕೂರುತ್ತದೆ. ಅವಿಡಿನ್‌ನ ಉಳಿದ ಕೈಗಳನ್ನು ಬಿಡಿ ಬಯೋಟಿನ್ ತುಂಬುತ್ತದೆ. ಎರಡನೇ ಹೆಜ್ಜೆ ಮರೆತರೆ ಮೊದಲಿಗಿಂತ ಕಷ್ಟ. ಖಾಲಿ ಕೈಗಳು ನಿಮ್ಮ ಸೆಕೆಂಡರಿಯ ಬಯೋಟಿನ್ನನ್ನೇ ಹಿಡಿದು 75, 130 ಇನ್ನೂ ಜೋರಾಗುತ್ತವೆ. ಅವಿಡಿನ್ ಸಿಗುವುದು ಹಸಿ ಮೊಟ್ಟೆಯ ಬಿಳಿಯಲ್ಲಿ. ಅಂಗಾಂಶದ ಸ್ಲೈಡ್‌ಗಳಿಗೆ ಕೆಲವು ಲ್ಯಾಬ್‌ಗಳು ಶುದ್ಧ ಅವಿಡಿನ್ ಬದಲು ಮೊಟ್ಟೆಯ ಬಿಳಿಯನ್ನೇ ಬಳಸಿದ್ದೂ ಉಂಟು. ಬ್ಲಾಟ್‌ಗೆ ನಾನು ಅದನ್ನು ಹೇಳುವುದಿಲ್ಲ, ಒಂದೊಂದು ದಿನ ಒಂದೊಂದು ತರಹ ಬರುತ್ತದೆ.

ಹಾಲಿನ ಪುಡಿಯನ್ನು ಈ ಕಿಟ್ ಜೊತೆ ಬಳಸಲೇಬೇಡಿ. ಹಾಲಿನಲ್ಲೂ ಬಯೋಟಿನ್ ಇದೆ. ಅದು ಒಂದು ಕಡೆ ಸ್ಟ್ರೆಪ್ಟಾವಿಡಿನ್ನನ್ನು ದಾರಿಯಲ್ಲೇ ನುಂಗುತ್ತದೆ, ಇನ್ನೊಂದು ಕಡೆ ಮೆಂಬ್ರೇನ್ ತುಂಬ ಮಸುಕು ಬಣ್ಣ ಹರಡುತ್ತದೆ. ಬಯೋಟಿನ್ ಇಲ್ಲದ ಬಿಎಸ್ಎ (ಹಸುವಿನ ರಕ್ತದ ಪ್ರೋಟೀನ್) ಬಳಸಿ. ನೇರ ಸೆಕೆಂಡರಿಗೆ ಬದಲಾದರೆ ಹಾಲಿನ ಪುಡಿ ಧಾರಾಳವಾಗಿ ನಡೆಯುತ್ತದೆ.

ಇದೇ ಬಯೋಟಿನ್ ಆಟ ಲ್ಯಾಬ್‌ನ ಹೊರಗೂ ಇದೆ, ನೆನಪಾಯಿತು ಅಂತ ಹೇಳುತ್ತೇನೆ. ಕೂದಲು ಉದುರುತ್ತದೆ ಅಂತ ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಬಗೆಯ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ಏರುಪೇರಾಗುತ್ತದೆ. ಆ ಯಂತ್ರಗಳ ಒಳಗೂ ಇದೇ ಜೋಡಿ ಕೆಲಸ ಮಾಡುತ್ತಿರುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿತು. ಮನೆಯಲ್ಲಿ ಯಾರಾದರೂ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರ್‌ಗೆ ಹೇಳಲಿ.

ಸರಿ, ಬೇಡದ ಬ್ಯಾಂಡ್‌ಗಳು ಹೋದವು ಅಂದುಕೊಳ್ಳಿ. 44ರದು ಎಂಕ್ಯಾಡೇನಾ? ನೀವು ಇದನ್ನು ಕೇಳಿಲ್ಲ. ಆದರೆ ನನಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ.

46 ಅಂತ ಹಾಳೆಯಲ್ಲಿದ್ದು ನಿಮಗೆ 44 ಬಂದದ್ದು ಒಳ್ಳೆಯ ಲಕ್ಷಣವೇ. ಮನುಷ್ಯರ ಎಂಕ್ಯಾಡ್ ತಯಾರಾಗುವಾಗ ಅದರಲ್ಲಿ 421 ಅಮೈನೊ ಆಮ್ಲ ಇರುತ್ತವೆ. ಮೊದಲ 25 ಬರೀ ವಿಳಾಸದ ಚೀಟಿ, ಮೈಟೊಕಾಂಡ್ರಿಯಾಗೆ ಹೋಗು ಅಂತ. ಒಳಗೆ ಹೋದ ಮೇಲೆ ಚೀಟಿ ಹರಿದು ಬಿಸಾಕಲಾಗುತ್ತದೆ. ಉಳಿಯುವುದು 44ರ ಆಸುಪಾಸು. ಕಂಪನಿಯವರು ಪೂರ್ತಿ ಉದ್ದದ ಲೆಕ್ಕ ಹಾಕಿ 46 ಬರೆಯುತ್ತಾರೆ. ಕುರಿಯಲ್ಲೂ ಹೆಚ್ಚು ಕಡಿಮೆ ಇದೇ ಕಥೆ.

ಆದರೆ ತೂಕ ಸರಿಬಂತು ಅಂತ ಆಳು ಸರಿ ಅಂತಲ್ಲ. ಎಂಕ್ಯಾಡ್‌ಗೆ ದಾಯಾದಿಗಳಿದ್ದಾರೆ. ಎಂಕ್ಯಾಡ್ ಸುಮಾರು 6ರಿಂದ 12 ಇಂಗಾಲದ ಕೊಬ್ಬಿನ ಆಮ್ಲಗಳನ್ನು ನೋಡಿಕೊಳ್ಳುತ್ತದೆ. ಅದಕ್ಕಿಂತ ಗಿಡ್ಡನೆಯವಕ್ಕೆ ಎಸ್ಕ್ಯಾಡ್, ಉದ್ದನೆಯವಕ್ಕೆ ಎಲ್ಕ್ಯಾಡ್. ಲ್ಯೂಸಿನ್ ಒಡೆಯುವ ದಾರಿಯಲ್ಲಿ ಐಸೋವಲೆರಿಲ್-ಕೋಎ ಡಿಹೈಡ್ರೋಜಿನೇಸ್ ಅನ್ನುವುದು ಇನ್ನೊಂದು. ಎಲ್ಲವೂ ಮೈಟೊಕಾಂಡ್ರಿಯಾದಲ್ಲೇ, ಎಲ್ಲವೂ 41ರಿಂದ 45ರ ಒಳಗೇ, ಮುಖವೂ ಒಂದೇ ತರಹ. ಮನುಷ್ಯರ ಎಂಕ್ಯಾಡ್ ತೋರಿಸಿ ತಯಾರಿಸಿದ ಆಂಟಿಬಾಡಿ ಕುರಿಯಲ್ಲಿ ಅಣ್ಣನನ್ನು ಬಿಟ್ಟು ತಮ್ಮನನ್ನು ಹಿಡಿದರೂ ಬ್ಯಾಂಡ್ ಅದೇ ಜಾಗದಲ್ಲಿ, ಅಷ್ಟೇ ಚೆಂದವಾಗಿ ಬರುತ್ತದೆ. ಒಂದೇ ಬ್ಯಾಂಡ್ ಬಂದರೆ ಆಂಟಿಬಾಡಿ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕರಗಿದ ಜೆಲ್ ಪ್ಯಾಕ್‌ಗಿಂತ ಅದು ಜಾಸ್ತಿ ಥೀಸಿಸ್ ಕೆಡಿಸಿದೆ ಅಂತ ನನ್ನ ಅಭಿಪ್ರಾಯ.

ಕಂಪನಿಗೆ ಮೇಲ್ ಹಾಕಿ, ಯಾವ ತುಂಡು ಪ್ರೋಟೀನ್ ತೋರಿಸಿ ಆಂಟಿಬಾಡಿ ಮಾಡಿದ್ದೀರಿ ಅಂತ ಕೇಳಿ. ಲಾಟ್ ನಂಬರ್ ಕೂಡ ಬರೆಯಿರಿ. ಕೊಟ್ಟರೆ ಆ ತುಂಡನ್ನು ಕುರಿಯ ಎಂಕ್ಯಾಡ್ ಜೊತೆ, ಕುರಿಯ ಎಸ್ಕ್ಯಾಡ್, ಎಲ್ಕ್ಯಾಡ್ ಜೊತೆ ಯೂನಿಪ್ರಾಟ್ ಎಂಬ ಪ್ರೋಟೀನ್ ಮಾಹಿತಿಯ ವೆಬ್‌ಸೈಟ್‌ನಲ್ಲಿ ಜೋಡಿಸಿ ನೋಡಿ. ಒಂದು ಸಂಜೆಯ ಕೆಲಸ, ಪುಕ್ಕಟೆ. ಗುಟ್ಟು ಅಂತ ಹೇಳಿ ಕೊಡದ ಕಂಪನಿಗಳೂ ಇವೆ. ಆಗ ಇನ್ನೊಂದು ಜಾಗವನ್ನು ಗುರುತಿಸುವ ಎರಡನೇ ಆಂಟಿಬಾಡಿ ಎಲ್ಲಾದರೂ ಸಾಲ ಸಿಗುತ್ತದಾ ನೋಡಿ. ಎರಡೂ ಆಂಟಿಬಾಡಿ ಹಸಿ ಮೇವು, ಒಣ ಮೇವಿನ ಸ್ಯಾಂಪಲ್‌ಗಳಲ್ಲಿ ಒಂದೇ ರೀತಿ ಏರಿಳಿದರೆ ನಂಬಿಕೆ ಬರುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಜೀನ್ ತೆಗೆದ ಜೀವಕೋಶ. ಎಂಕ್ಯಾಡ್ ಜೀನ್ ಇಲ್ಲದ ಕೋಶದಲ್ಲಿ ಬ್ಯಾಂಡ್ ಮಾಯವಾಗಬೇಕು. ಆಂಟಿಬಾಡಿ ಪರೀಕ್ಷೆಗೆ ಅಂತ 2016ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಐದು ವಿಧಾನ ಹೇಳಿತು. ಅದರಲ್ಲಿ ಜೀನ್ ತೆಗೆದು ನೋಡುವುದೂ ಇದೆ, ನಾನು ಈಗ ಹೇಳಿದ ಎರಡನೇ ಆಂಟಿಬಾಡಿ ವಿಧಾನವೂ ಇದೆ. ಆದರೆ ಸುಲಭಕ್ಕೆ ಸಿಗುವ ಅಂಥ ಕೋಶಗಳು ಮನುಷ್ಯರವು, ಅವು ಕುರಿಯ ಬಗ್ಗೆ ಅರ್ಧ ಮಾತ್ರ ಹೇಳುತ್ತವೆ. ಬ್ಯಾಂಡ್ ಕತ್ತರಿಸಿ ಬೆಂಗಳೂರಿಗೆ ಮಾಸ್ ಸ್ಪೆಕ್ಟ್ರೊಮೆಟ್ರಿಗೆ (ಅಣುಗಳನ್ನು ತೂಕದಿಂದ ಗುರುತಿಸುವ ಪರೀಕ್ಷೆಗೆ) ಕಳಿಸು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 44ರ ಜಾಗದಲ್ಲಿ ಹತ್ತಾರು ಪ್ರೋಟೀನ್‌ಗಳಿರುತ್ತವೆ, ಎಂಕ್ಯಾಡೂ ಸಿಕ್ಕೇ ಸಿಗುತ್ತದೆ. ನಿಮ್ಮ ಆಂಟಿಬಾಡಿ ಹಿಡಿದದ್ದು ಅದನ್ನೇ ಅಂತ ಅದರಿಂದ ಗೊತ್ತಾಗುವುದಿಲ್ಲ. ಆ ದುಡ್ಡು ಉಳಿಸಿ.

ಅಳತೆಯ ವಿಷಯ ಒಂದೇ ಮಾತು. ಮೈಟೊಕಾಂಡ್ರಿಯಾ ಹಾಕುವಾಗ ಹೋಲಿಕೆಗೆ ಅದರ ಹೊರಗಿರುವ ಆಕ್ಟಿನ್ ಪ್ರೋಟೀನ್ ಬೇಡ, ಮೈಟೊಕಾಂಡ್ರಿಯಾದ್ದೇ ಪ್ರೋಟೀನ್ ಆದ ವಿಡ್ಯಾಕ್ ಬಳಸಿ. 1:200 ಕೂಡ ಬೇಡ, 1:1000ಕ್ಕೇ ವಾಪಸ್ ಬನ್ನಿ. ಬ್ಯಾಂಡ್ ತೀರಾ ದಪ್ಪಗಾದರೆ ಎರಡು ಕುರಿಗಳ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ.

ಮಕ್ಕಳ ಪರೀಕ್ಷೆಯ ಬಗ್ಗೆ ನಿಮ್ಮ ಸೀನಿಯರ್ ಹೇಳಿದ್ದು ತಪ್ಪು, ಸ್ವಲ್ಪ ಅಪಾಯದ್ದೂ ಹೌದು. ನಿಮ್ಮ ಬಾಟಲಿಯ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತದೆ, ನೋಡಿ. ಎಂಕ್ಯಾಡ್ ಕೊರತೆಯನ್ನು ಹುಡುಕುವುದು ಮಗುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ. ಫಿಲ್ಟರ್ ಪೇಪರ್ ಮೇಲೆ ಒಣಗಿಸಿ, ಟ್ಯಾಂಡಮ್ ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ಆಕ್ಟನಾಯ್ಲ್‌ಕಾರ್ನಿಟಿನ್ ಹೆಚ್ಚಿದೆಯಾ ಅಂತ ನೋಡುತ್ತಾರೆ. ಅಂದರೆ ಕಿಣ್ವವನ್ನಲ್ಲ, ಅದು ಕೆಲಸ ಮಾಡದೆ ಉಳಿದುಹೋದ ಸರಕನ್ನು ಅಳೆಯುತ್ತಾರೆ. ಆಮೇಲೆ ಜೀನ್ ಪರೀಕ್ಷೆ. ಪ್ರೋಟೀನ್ ಇದ್ದೂ ಕೆಲಸ ಮಾಡದೇ ಇರಬಹುದು, ಬ್ಲಾಟ್‌ನಲ್ಲಿ ಬ್ಯಾಂಡ್ ಬಂತು ಅಂತ ಮಗು ಆರೋಗ್ಯವಾಗಿದೆ ಅನ್ನಲಾಗುವುದಿಲ್ಲ. ಈ ಕೊರತೆ ಇರುವ ಮಗುವಿಗೆ ಜ್ವರ, ವಾಂತಿ ಬಂದು ಊಟ ತಪ್ಪಿದಾಗ ಸಕ್ಕರೆ ದಿಢೀರ್ ಇಳಿಯುತ್ತದೆ, ಜೀವಕ್ಕೇ ಅಪಾಯ. ಯಾರದಾದರೂ ಮನೆಯಲ್ಲಿ ಹಾಗೆ ಮಗು ಕಳೆದುಕೊಂಡ ಕಥೆ ಇದ್ದರೆ ಅವರನ್ನು ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿ, ನಿಮ್ಮ ಲ್ಯಾಬ್‌ಗೆ ಬೇಡ.

ಗೈಡ್ ಜೊತೆ ವಾದಕ್ಕೆ ಇಳಿಯಬೇಡಿ. ಅವರ ಕಾಲದಲ್ಲಿ ಪಾರ್ಸೆಲ್‌ಗಳು ನಿಜಕ್ಕೂ ಕೆಟ್ಟು ಬರುತ್ತಿದ್ದಿರಬಹುದು. ನಾಲ್ಕು ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ ಅವರ ಮೇಜಿನ ಮೇಲಿಡಿ, ಸಾಕು. ನನಗೂ ಒಂದು ಫೋಟೋ ಕಳಿಸಿ, ಕತ್ತರಿಸದೆ, ತೂಕ ತೋರಿಸುವ ಮಾರ್ಕರ್ ಸಮೇತ. ಎರಡನೇ ಪಟ್ಟಿ ಖಾಲಿ ಬಂದಿದ್ದರೂ ಕಳಿಸಿ. ಹಾಗಾದರೆ ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಮುಕ್ಕಾಲು ಪಾಲು ತಪ್ಪು, ಇಬ್ಬರೂ ಮತ್ತೆ ಮೊದಲಿನಿಂದ ಯೋಚಿಸಬೇಕಾಗುತ್ತದೆ.